ಚಾಪ್ಸ್ ಹುರಿದ ಪ್ಯಾನ್ ತೊಳೀಬೇಡಿ, ಸಾಸ್ ಅಲ್ಲೇ ಇದೆ

ಹೋದ ಸಂಚಿಕೇಲಿ ಕೊಡಗಿನ ಪಂದಿ ಕರಿ, ಅಂದ್ರೆ ಹಂದಿ ಮಾಂಸದ ಕರಿ ಬಗ್ಗೆ ಬರೆದಿದ್ದೆ. ಅದಾದ್ಮೇಲೆ ಬಂದ ಪತ್ರ, ಮೆಸೇಜುಗಳಲ್ಲಿ ಜಾಸ್ತಿ ಜನ ಕೇಳಿರೋದು ಕರಿ ಬಗ್ಗೆ ಅಲ್ಲ, ದಪ್ಪ ಪೋರ್ಕ್ ಚಾಪ್ಸ್ ಬಗ್ಗೆ, ಅದೂ ಅದೇ ಪ್ಯಾನಲ್ಲಿ ದಿಢೀರ್ ಅಂತ ಮಾಡೋ ಸಾಸ್ ಬಗ್ಗೆ. ಹಂಗಾಗಿ ಈ ಸಲ ಇಡೀ ಪುಟ ಅದಕ್ಕೇ ಇಟ್ಟಿದೀನಿ.

ಪ್ರ: ಅಕ್ಕಾ ನಮಸ್ತೆ. ಪಂದಿ ಕರಿ ನನ್ನ ಕೈಲಿ ಚೆನ್ನಾಗೇ ಬರುತ್ತೆ, ಮನೆಯವರೆಲ್ಲ ಇಷ್ಟಪಟ್ಟು ತಿಂತಾರೆ. ಆದ್ರೆ ಹೋಟ್ಲಲ್ಲಿ ಕೊಡೋ ಥರ ಚಾಪ್ಸ್ ಮಾಡೋಕೆ ಹೋದ್ರೆ ಪ್ರತಿ ಸಲ ಒಣಗಿ ನಾರು ನಾರಾಗುತ್ತೆ. ನಾನ್‌ಸ್ಟಿಕ್ ತವಾದಲ್ಲಿ ಮುಚ್ಚಳ ಮುಚ್ಚಿ ಇಪ್ಪತ್ತು ನಿಮಿಷ ಬೇಯಿಸ್ತೀನಿ, ಮೆತ್ತಗಾಗ್ಲಿಲ್ಲ ಅಂತ ಇನ್ನೂ ಹತ್ತು ನಿಮಿಷ ಬಿಡ್ತೀನಿ. ಸಾಸ್ ಬೇರೆ ಪಾತ್ರೇಲಿ ಮಾಡಿ ಮೇಲೆ ಸುರೀತೀನಿ, ಅದಕ್ಕೂ ಮಾಂಸಕ್ಕೂ ಸಂಬಂಧಾನೇ ಇಲ್ಲದ ಹಾಗಿರುತ್ತೆ. ಏನು ಮಾಡ್ಲಿ?
— ಓದುಗರು, ಬೆಂಗಳೂರು

ಉ: ಮೆತ್ತಗಾಗ್ಲಿಲ್ಲ ಅಂತ ಇನ್ನೂ ಹತ್ತು ನಿಮಿಷ ಬಿಡೋದು ಅಂದ್ರಲ್ಲ, ತೊಂದರೆ ಇರೋದೇ ಅಲ್ಲಿ. ಕರಿಗೆ ಅದು ಸರಿಯಾದ ಲೆಕ್ಕ, ಚಾಪ್ಸ್‌ಗೆ ಪೂರ್ತಿ ಉಲ್ಟಾ. ಕರಿಗೆ ನಾವು ಹಾಕೋದು ಹೊಟ್ಟೆ ಭಾಗ, ಭುಜದ ಭಾಗ, ಅದರಲ್ಲಿ ಕೊಬ್ಬು, ಚರ್ಮ, ಸ್ನಾಯು ಕಟ್ಟಿರೋ ಬಿಳಿ ಪೊರೆ ಎಲ್ಲ ಇರುತ್ತೆ, ಆ ಪೊರೆ ಗಂಟೆಗಟ್ಟಲೆ ಕುದ್ದು ಕರಗಿ ಜೆಲಟಿನ್ ಆಗುತ್ತೆ, ಅದಕ್ಕೇ ಎಷ್ಟು ಬೆಂದ್ರೆ ಅಷ್ಟು ಮೆತ್ತಗೆ. ಚಾಪ್ಸ್ ಬರೋದು ಬೆನ್ನಿನ ಭಾಗದಿಂದ. ಹಂದಿ ಆ ಸ್ನಾಯುವನ್ನ ಜಾಸ್ತಿ ಬಳಸಲ್ಲ, ಹಂಗಾಗಿ ಅದು ಮೊದಲೇ ಮೃದು, ಕರಗೋಕೆ ಅಲ್ಲಿ ಏನೂ ಇಲ್ಲ. ಒಳಗಡೆ 65 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರೋಟೀನು ಬಿಗಿಯಾಗ್ತಾ ನೀರು ಹಿಂಡೋಕೆ ಶುರು ಮಾಡುತ್ತೆ, 70 ದಾಟಿ ಮೇಲೆ ಹೋದಂಗೆಲ್ಲ ಇನ್ನೂ ಜೋರು. ಮೂವತ್ತು ನಿಮಿಷ ಆಗೋಷ್ಟರಲ್ಲಿ ಅದು ಎಲ್ಲಾ ರಸ ಬಿಟ್ಟು ಮುಗಿಸಿರುತ್ತೆ, ಆಮೇಲೆ ಎಷ್ಟು ಹೊತ್ತು ಇಟ್ರೂ ವಾಪಸ್ ಮೆತ್ತಗಾಗಲ್ಲ.

ಆದ್ದರಿಂದ ಮೊದಲು ದಪ್ಪ. ಒಂದಿಂಚು, ಸಿಕ್ಕಿದ್ರೆ ಒಂದೂಕಾಲು ಇಂಚು ಇರೋ ಚಾಪ್ ತಗೊಳ್ಳಿ, ಮೂಳೆ ಸಮೇತ ಒಂದೊಂದು 250 ಗ್ರಾಂ ಹತ್ರ ಬರುತ್ತೆ. ಅರ್ಧ ಇಂಚಿಂದು ಹೊರಗೆ ಬಣ್ಣ ಬರೋ ಹೊತ್ತಿಗೆ ಒಳಗೆ ಬೆಂದು ಮುಗಿದು ಹೋಗಿರುತ್ತೆ.

ಆಮೇಲೆ ಉಪ್ಪು. ಮಾಂಸದ ತೂಕದ ನೂರಕ್ಕೆ ಒಂದು ಭಾಗ, ಅಂದ್ರೆ 250 ಗ್ರಾಂ ಚಾಪ್‌ಗೆ ಎರಡೂವರೆ ಗ್ರಾಂ, ಪುಡಿ ಉಪ್ಪಾದ್ರೆ ಅರ್ಧ ಟೀ ಸ್ಪೂನಿಗಿಂತ ಚೂರು ಕಮ್ಮಿ. ಎರಡೂ ಕಡೆ ಸವರಿ, ಒಂದು ತಟ್ಟೇಲಿ ಮುಚ್ಚದೆ ಫ್ರಿಜ್ಜಿನ ಕೆಳಗಿನ ಶೆಲ್ಫಲ್ಲಿ ಇಡಿ, ತಿನ್ನೋಕೆ ರೆಡಿ ಇರೋ ಯಾವುದೂ ಅದರ ಪಕ್ಕ ಬೇಡ. ಕಮ್ಮಿ ಅಂದ್ರೆ ಒಂದು ಗಂಟೆ, ಹಿಂದಿನ ರಾತ್ರಿನೇ ಇಟ್ರೆ ಇನ್ನೂ ಒಳ್ಳೇದು. ಮೊದಲು ಉಪ್ಪು ನೀರು ಎಳೆಯುತ್ತೆ, ಮೇಲೆ ಹನಿ ಹನಿ ನಿಂತಿರೋದು ಕಾಣುತ್ತೆ, ಆಗ ಹೆದರಬೇಡಿ, ಸ್ವಲ್ಪ ಹೊತ್ತಾದ್ಮೇಲೆ ಅದೇ ಉಪ್ಪುನೀರು ವಾಪಸ್ ಒಳಗೆ ಹೋಗುತ್ತೆ. ಉಪ್ಪು ಒಳಗೆ ಇಳಿದ ಮಾಂಸ ಬೇಯುವಾಗ ಕಮ್ಮಿ ನೀರು ಬಿಡುತ್ತೆ, ಈ ಒಂದು ಕೆಲಸ ಬಿಟ್ರೆ ಉಳಿದದ್ದೆಲ್ಲ ಸರಿ ಮಾಡಿದ್ರೂ ಅರ್ಧ ಫಲ ಅಷ್ಟೇ.

ಇನ್ನು ಪಾತ್ರೆ. ನಾನ್‌ಸ್ಟಿಕ್ ಈ ಅಡುಗೆಗೆ ಬೇಡವೇ ಬೇಡ. ಅದನ್ನ ಖಾಲಿ ಜೋರು ಉರೀಲಿ ಕಾಯಿಸೋದೂ ಒಳ್ಳೇದಲ್ಲ, ಅದಕ್ಕಿಂತ ಹೆಚ್ಚಾಗಿ ಅದಕ್ಕೆ ಏನೂ ಅಂಟಲ್ಲ, ನಮಗೆ ಬೇಕಾಗಿರೋದು ಅಂಟೋದೇ. ದಪ್ಪ ತಳದ ಸ್ಟೀಲ್ ಪ್ಯಾನ್ ಇದ್ರೆ ಅದು, ಇಲ್ಲಾಂದ್ರೆ ಬೀಡು ಕಬ್ಬಿಣದ್ದು. 25 ಸೆಂಟಿಮೀಟರ್ ಪ್ಯಾನಿಗೆ ಎರಡೇ ಚಾಪ್ಸು. ನಾಲ್ಕು ಜನಕ್ಕೆ ಬೇಕಾದ್ರೆ ಎರಡು ಸಲ ಹುರೀರಿ, ಒತ್ತೊತ್ತಾಗಿ ಹಾಕಿದ್ರೆ ಬಿಟ್ಟ ನೀರಲ್ಲೇ ಬೆಂದು ಬೂದು ಬಣ್ಣಕ್ಕೆ ತಿರುಗುತ್ತೆ.

ಚಾಪ್ಸ್ ಹಾಕೋ ಮುಂಚೆ ಒಂದು ಸ್ವಚ್ಛ ಬಟ್ಟೇಲೋ ಟಿಶ್ಯೂನಲ್ಲೋ ಚೆನ್ನಾಗಿ ಒತ್ತಿ ಒರೆಸಿ. ಮಾಂಸಕ್ಕೆ ಆ ಕಂದು ಬಣ್ಣ, ಆ ಘಮ ಬರೋದು ಮೇಲ್ಮೈ ಸುಮಾರು 140 ಡಿಗ್ರಿ ಮುಟ್ಟಿದ ಮೇಲೆ, ಫ್ರಾನ್ಸಿನ ಲೂಯಿ ಕಮೀಲ್ ಮಯ್ಯಾರ್ ಅನ್ನೋ ವಿಜ್ಞಾನಿ 1912ರಲ್ಲಿ ಇದರ ಬಗ್ಗೆ ಬರೆದದ್ದು, ಈಗಲೂ ಅವರ ಹೆಸರಲ್ಲೇ ಕರೀತಾರೆ. ಮೇಲೆ ನೀರಿದ್ರೆ ಅದು ಆವಿಯಾಗೋ ತನಕ ನೂರು ಡಿಗ್ರಿ ದಾಟೋದೇ ಇಲ್ಲ, ಬಣ್ಣ ಎಲ್ಲಿಂದ ಬರಬೇಕು. ಕೊಬ್ಬಿನ ಅಂಚಿಗೆ ಎರಡೆರಡು ಸೆಂಟಿಮೀಟರಿಗೆ ಒಂದೊಂದು ಸಣ್ಣ ಗೀರು ಹಾಕಿ, ಇಲ್ದಿದ್ರೆ ಅಂಚು ಬಿಗಿದುಕೊಂಡು ಚಾಪ್ ಬಟ್ಟಲಿನಂಗೆ ಮೇಲೇಳುತ್ತೆ, ನಡುವೆ ತವಾಗೆ ತಾಗೋದೇ ಇಲ್ಲ.

ಪ್ಯಾನ್ ಕಾಯಿಸಿ, ಒಂದು ಟೇಬಲ್ ಸ್ಪೂನ್ ಕಡ್ಲೆಕಾಯಿ ಎಣ್ಣೆನೋ ಸೂರ್ಯಕಾಂತಿ ಎಣ್ಣೆನೋ ಹಾಕಿ, ಎಣ್ಣೆ ತೆಳುವಾಗಿ ಅಲೆ ಅಲೆಯಾಗಿ ಹರಿಯೋಕೆ ಶುರುವಾದ್ಮೇಲೆ ಮೊದಲು ಇಕ್ಕಳದಲ್ಲಿ ಎರಡೂ ಚಾಪ್ಸ್ ಹಿಡಿದು ಕೊಬ್ಬಿನ ಅಂಚನ್ನೇ ತಳಕ್ಕೆ ನಿಲ್ಲಿಸಿ ಒಂದು ಎರಡು ನಿಮಿಷ ಹುರೀರಿ, ಅಲ್ಲಿಂದ ಇಳಿಯೋ ಕೊಬ್ಬಲ್ಲೇ ಮಿಕ್ಕಿದ್ದು ಹುರಿಯುತ್ತೆ. ಆಮೇಲೆ ಮಲಗಿಸಿ. ಮೀಡಿಯಂಗಿಂತ ಸ್ವಲ್ಪ ಜಾಸ್ತಿ ಉರಿ, ಒಂದು ಕಡೆ ಮೂರು ನಿಮಿಷ ಮುಟ್ಟದೆ ಬಿಡಿ, ಇನ್ನೊಂದು ಕಡೆ ಮೂರು ನಿಮಿಷ, ಆಮೇಲೆ ಉರಿ ಕಮ್ಮಿ ಮಾಡಿ ನಿಮಿಷಕ್ಕೊಂದು ಸಲ ಮಗುಚ್ತಾ ಹೋಗಿ. ಮಗುಚಿದಷ್ಟೂ ಶಾಖ ಎರಡೂ ಕಡೆಯಿಂದ ಸಮ ಹೋಗುತ್ತೆ. ಒಂದೇ ಸಲ ಮಗುಚಬೇಕು ಅನ್ನೋ ನಿಯಮ ಯಾಕೆ ಬಂತೋ, ಅದರಿಂದ ಲಾಭ ಏನಿಲ್ಲ. ಹಂಗೇ ಜೋರು ಉರೀಲಿ ಹುರಿದ್ರೆ ರಸ ಒಳಗೇ ಸೀಲ್ ಆಗುತ್ತೆ ಅನ್ನೋದೂ ನಿಜ ಅಲ್ಲ, ಹತ್ತೊಂಬತ್ತನೇ ಶತಮಾನದಲ್ಲಿ ಜರ್ಮನಿಯ ಲೀಬಿಗ್ ಅನ್ನೋ ದೊಡ್ಡ ರಸಾಯನ ವಿಜ್ಞಾನಿ ಹಂಗೆ ಹೇಳಿದ್ರು, ಜನ ನಂಬಿಕೊಂಡು ಬಂದ್ರು. ಬಣ್ಣ ಬಂದ ಮೇಲೂ ಚುಂಯ್ ಅನ್ನೋ ಸದ್ದು ನಿಲ್ಲಲ್ಲ ನೋಡಿ, ಅದು ಒಳಗಿನ ನೀರು ಹೊರಗೆ ಬರ್ತಾ ಇರೋ ಸದ್ದು. ನಾವು ಹುರಿಯೋದು ರುಚಿಗೆ, ರಸ ಉಳಿಯೋದು ಶಾಖದ ಮೇಲೆ ಕಣ್ಣಿಟ್ಟಾಗ. ಎಷ್ಟು ಡಿಗ್ರಿಗೆ ತೆಗೀಬೇಕು ಅನ್ನೋದನ್ನ ಕೆಳಗಡೆ ಶಿವಮೊಗ್ಗದವರ ಪ್ರಶ್ನೇಲಿ ಹೇಳಿದೀನಿ. ತೆಗೆದ ಮೇಲೆ ತಟ್ಟೇಲಿ ಐದು ನಿಮಿಷ ಸುಮ್ನೆ ಬಿಡಿ, ಆ ಐದು ನಿಮಿಷದಲ್ಲೇ ಸಾಸ್ ಆಗಿಹೋಗುತ್ತೆ.

ಈಗ ಪ್ಯಾನ್ ಒಳಗೆ ನೋಡಿ. ತಳದಲ್ಲಿ ಕಂದು ಬಣ್ಣದ ಒಂದು ಪದರ ಅಂಟಿರುತ್ತೆ, ಚಾಪ್ಸ್ ಕೂತಿದ್ದ ಜಾಗದ ಸುತ್ತ ಗೆರೆ ಎಳೆದ ಹಾಗೆ, ನಡುನಡುವೆ ಚುಕ್ಕೆ ಚುಕ್ಕೆ. ಹಸಿ ಬೆಲ್ಲದ ಬಣ್ಣದಿಂದ ಕಾಫಿ ಬೀಜದ ಬಣ್ಣದ ತನಕ ಇದ್ರೆ ಅದು ಚಿನ್ನ. ಕರ್ರಗಾಗಿ ಮೂಗಿಗೆ ಸೀದ ವಾಸನೆ ಹೊಡೆದ್ರೆ ಅದರಿಂದ ಸಾಸ್ ಮಾಡಬೇಡಿ, ಕಹಿ ಬರುತ್ತೆ, ಒರೆಸಿ ಹೊಸದಾಗಿ ಬೆಣ್ಣೆ ಹಾಕ್ಕೊಳ್ಳಿ. ನೀವು ಸಾಸ್ ಬೇರೆ ಪಾತ್ರೇಲಿ ಮಾಡ್ತೀನಿ ಅಂದ್ರಲ್ಲ, ಈ ಪದರ ಸಿಂಕ್ ಪಾಲಾಗ್ತಿದೆ, ರುಚಿ ಅಲ್ಲೇ ಹೋಗ್ತಿರೋದು.

ಒಂದು ಟೇಬಲ್ ಸ್ಪೂನ್ ಅಷ್ಟು ಕೊಬ್ಬು ಬಿಟ್ಟು ಮಿಕ್ಕಿದ್ದು ಬಗ್ಗಿಸಿ ತೆಗೆದಿಡಿ. ನಾಲ್ಕೈದು ಸಾಂಬಾರ್ ಈರುಳ್ಳಿ ಸಣ್ಣಗೆ ಹೆಚ್ಚಿ ಹಾಕಿ, ಒಂದು ನಿಮಿಷ. ಎರಡು ಎಸಳು ಬೆಳ್ಳುಳ್ಳಿ, ಅರ್ಧ ನಿಮಿಷ. ಆಮೇಲೆ ಅರ್ಧ ಕಪ್, ಅಂದ್ರೆ 120 ಎಂಎಲ್ ಸ್ಟಾಕು, ಮೂಳೆ ಬೇಯಿಸಿದ ನೀರು ಇದ್ರೆ ಸಾಕು. ಹಾಕಿದ ತಕ್ಷಣ ಭುಸ್ ಅಂತ ಆವಿ ಏಳುತ್ತೆ, ಆಗಲೇ ಮರದ ಸೌಟಲ್ಲಿ ತಳ ಕೆರೀತಾ ಹೋಗಿ, ಆ ಕಂದು ಪದರ ಪೂರ್ತಿ ಬಿಟ್ಟುಕೊಂಡು ನೀರಿಗೆ ಬಣ್ಣ ಕೊಡುತ್ತೆ. ಜೋರು ಉರೀಲಿ ಎರಡು ಮೂರು ನಿಮಿಷ ಕುದ್ದು ಅರ್ಧಕ್ಕೆ ಇಳೀಲಿ. ಸೌಟಲ್ಲಿ ತಳದ ಮೇಲೆ ಒಂದು ಗೆರೆ ಎಳೆದ್ರೆ ಅದು ಒಂದು ಕ್ಷಣ ನಿಂತು ಆಮೇಲೆ ನಿಧಾನ ಮುಚ್ಚಿಕೊಳ್ಳಬೇಕು, ಆ ಹದ. ಒಂದು ಟೀ ಸ್ಪೂನ್ ಸಾಸಿವೆ ಪೇಸ್ಟು, ಬಾಟಲೀಲಿ ಸಿಗೋದು, ಕಲಸಿ. ಸ್ಟವ್ ಆಫ್ ಮಾಡಿ ಒಂದು ಟೇಬಲ್ ಸ್ಪೂನ್ ತಣ್ಣನೆ ಬೆಣ್ಣೆ ತುಂಡು ಮಾಡಿ ಹಾಕಿ ಪ್ಯಾನ್ ಅಲ್ಲಾಡಿಸ್ತಾ ಕರಗಿಸಿ. ಆಮೇಲೆ ಚಾಪ್ಸ್ ಇಟ್ಟ ತಟ್ಟೇಲಿ ಇಳಿದಿರೋ ರಸಾನೂ ಅದಕ್ಕೇ ಸುರೀರಿ, ಅದನ್ನ ಚೆಲ್ಲೋದು ಪಾಪ. ಹುಳಿಗೆ ವಿನಿಗರ್ ಎರಡು ಹನಿ. ಉಪ್ಪಿನ ರುಚಿ ನೋಡೋದು ಎಲ್ಲ ಆದ್ಮೇಲೆ, ಮೊದಲೇ ಹಾಕಿದ್ರೆ ಇಳಿದ ಮೇಲೆ ಬಾಯಿಗಿಡೋಕಾಗಲ್ಲ.

ಕಾಳುಮೆಣಸೂ ಕೊನೇಲೇ, ಒರಳಲ್ಲಿ ಒಡೆದು. ಹುರಿಯೋ ಮುಂಚೆ ಸವರಿದ್ರೆ ಆ ಉರೀಲಿ ಸೀದು ಘಮ ಹೋಗುತ್ತೆ.

ಪ್ರ: ಮೇಡಂ, ನಮ್ಮೂರಲ್ಲಿ ಪೋರ್ಕ್ ಅಂಗಡಿಗೆ ಹೋದ್ರೆ ಕರಿ ಕಟ್ ಬಿಟ್ರೆ ಬೇರೆ ಮಾಡಿಕೊಡಲ್ಲ. ಚಾಪ್ಸ್ ಅಂದ್ರೆ ಮೂಳೆ ಇರೋ ಪೀಸ್ ಕೊಡ್ತಾರೆ. ಏನು ಅಂತ ಕೇಳಬೇಕು?
— ಓದುಗರು, ಮೈಸೂರು

ಉ: ಹೆಸರು ಹೇಳಿ ಕೇಳಬೇಡಿ, ಜಾಗ ತೋರಿಸಿ ಕೇಳಿ. ಬೆಳಿಗ್ಗೆ ಬೇಗ ಹೋಗಿ, ಮಾಲು ಇನ್ನೂ ನೇತು ಹಾಕಿರೋವಾಗ. ಬೆನ್ನು ಮೂಳೆ ಪಕ್ಕದ ಉದ್ದನೆ ಮಾಂಸ, ಪಕ್ಕೆಲುಬು ಸಮೇತ, ಅಡ್ಡಡ್ಡಕ್ಕೆ ಬೆರಳೆರಡು ದಪ್ಪ ಕೊಯ್ದು ಕೊಡಿ, ಸಣ್ಣ ಪೀಸ್ ಮಾಡಬೇಡಿ ಅಂತ ಬಿಡಿಸಿ ಹೇಳಿ. ಬೆನ್ನು ಮೂಳೆಯನ್ನ ಮಚ್ಚಲ್ಲಿ ಕಡಿದ್ರೆ ಮೂಳೆ ಚೂರು ಮಾಂಸದೊಳಗೆ ಸೇರಿಕೊಳ್ಳುತ್ತೆ, ಮನೇಗೆ ಬಂದ್ಮೇಲೆ ಬೆರಳಾಡಿಸಿ ನೋಡಿ ತೆಗೀರಿ. ಕಡಿಯೋದು ಕಷ್ಟ ಅಂದ್ರೆ ಇಡೀ ಉದ್ದ ತುಂಡು ಮೂಳೆ ಇಲ್ಲದೇ ಬಿಡಿಸಿಕೊಡಿ ಅನ್ನಿ, ಮನೇಲಿ ನೀವೇ ಚೂಪು ಚಾಕುನಲ್ಲಿ ಒಂದಿಂಚು ದಪ್ಪಕ್ಕೆ ಹೆಚ್ಚಿಕೊಳ್ಳಿ, ಅರ್ಧ ಗಂಟೆ ಫ್ರೀಜರಲ್ಲಿಟ್ಟು ಗಟ್ಟಿ ಮಾಡಿದ್ರೆ ಸಮಕ್ಕೆ ಬರುತ್ತೆ. ಮೂಳೆ ಬಿಟ್ಟು ಬರಬೇಡಿ, ದುಡ್ಡು ಕೊಟ್ಟಿರ್ತೀರಿ, ಅದೇ ನಿಮ್ಮ ಸ್ಟಾಕು.

ನಮ್ಮ ಕಡೆ ಅಂಗಡಿಗಳಲ್ಲಿ ಸಾಮಾನ್ಯವಾಗಿ ಕೂದಲು ಸುಟ್ಟು, ಚರ್ಮ ಸಮೇತ ಕೊಡ್ತಾರೆ. ಕರಿಗೆ ಆ ಚರ್ಮ ಬೇಕೇ ಬೇಕು, ಚಾಪ್ಸ್‌ಗೆ ಬೇಡ, ಚಾಪ್ಸ್ ಹುರಿಯೋಷ್ಟು ಹೊತ್ತಲ್ಲಿ ಅದು ಬೇಯಲ್ಲ, ಹಲ್ಲಿಗೆ ಸಿಕ್ಕುತ್ತೆ. ಚರ್ಮ ಬಿಡಿಸಿ, ಅದರ ಕೆಳಗಿನ ಬಿಳಿ ಕೊಬ್ಬು ಮಾತ್ರ ಅರ್ಧ ಸೆಂಟಿಮೀಟರ್ ಉಳಿಸಿ. ಬಿಡಿಸಿದ ಚರ್ಮ ಕೊಬ್ಬು ಎಲ್ಲ ಮುಂದಿನ ಕರಿಗೆ ಎತ್ತಿಡಿ.

ಎರಡು ಥರ ಚಾಪ್ ಸಿಗುತ್ತೆ. ಪಕ್ಕೆಲುಬಿನ ಕಡೆಯದ್ದು, ಉದ್ದ ಮೂಳೆ ಒಂದು ಕಡೆ, ಒಂದೇ ದೊಡ್ಡ ಮಾಂಸದ ಗುಂಡು. ಇನ್ನೊಂದು ಸೊಂಟದ ಕಡೆಯದ್ದು, ನಡುವೆ ಇಂಗ್ಲಿಷಿನ ಟಿ ಅಕ್ಷರದ ಹಾಗೆ ಮೂಳೆ, ಆ ಕಡೆ ಒಂದು ಮಾಂಸ ಈ ಕಡೆ ಒಂದು ಮಾಂಸ. ನೋಡೋಕೆ ಎರಡನೇದು ಚೆಂದ, ಆದ್ರೆ ಸಣ್ಣ ಕಡೆ ಬೇಗ ಬೆಂದುಬಿಡುತ್ತೆ. ಹೊಸದಾಗಿ ಮಾಡೋರಿಗೆ ಪಕ್ಕೆಲುಬಿನದ್ದೇ ಸುಲಭ. ಭುಜದ ಕಡೆ ಕೊಯ್ದದ್ದನ್ನೂ ಕೆಲವರು ಚಾಪ್ಸ್ ಅಂತ ಕೊಡ್ತಾರೆ, ನಡುನಡುವೆ ಕೊಬ್ಬು ಪೊರೆ ಜಾಸ್ತಿ ಕಂಡ್ರೆ ಅದು, ಅದನ್ನ ಹಿಂಗೆ ಹುರಿದ್ರೆ ಗಟ್ಟಿ, ನಿಧಾನಕ್ಕೆ ಮುಚ್ಚಿ ಬೇಯಿಸಬೇಕು.

ಪ್ರ: ಕುಕ್ಕರಲ್ಲಿ ಎರಡು ವಿಶಲ್ ಕೂಗಿಸಿ ಆಮೇಲೆ ಹುರಿದ್ರೆ ಆಗಲ್ವಾ?
— ಓದುಗರು, ತುಮಕೂರು

ಉ: ಬೇಡ. ಕುಕ್ಕರ್ ಒಳಗೆ ನೂರು ಡಿಗ್ರಿಗಿಂತ ಜಾಸ್ತಿ ಶಾಖ ಇರುತ್ತೆ, ನಮಗೆ ಮಾಂಸದ ಒಳಗೆ ಬೇಕಾಗಿರೋದು ಎಪ್ಪತ್ತರ ಆಸುಪಾಸು. ಮೊದಲ ವಿಶಲ್ಲಿಗೇ ಕೆಲಸ ಕೆಟ್ಟಿರುತ್ತೆ.

ಪ್ರ: ನಮಸ್ಕಾರ. ಒಳಗೆ ಸ್ವಲ್ಪ ಗುಲಾಬಿ ಬಣ್ಣ ಇದ್ರೂ ಪರವಾಗಿಲ್ಲ ಅಂತ ವಿದೇಶದ ಅಡುಗೆಯವರೆಲ್ಲ ಹೇಳ್ತಾರೆ. ನಮ್ಮತ್ತೆ ಹಂದಿ ಮಾಂಸ ಅರೆಬರೆ ಬೆಂದ್ರೆ ತಲೆಗೆ ಹುಳ ಹತ್ತುತ್ತೆ ಅಂತ ಹೆದರಿಸ್ತಾರೆ. ಯಾರ ಮಾತು ಕೇಳ್ಲಿ?
— ಓದುಗರು, ಶಿವಮೊಗ್ಗ

ಉ: ಇದಕ್ಕೆ ಸ್ವಲ್ಪ ವಿವರವಾಗೇ ಹೇಳ್ಬೇಕು, ಯಾಕಂದ್ರೆ ಇದು ಆರೋಗ್ಯದ ವಿಷಯ. ಅಮೆರಿಕದ ಕೃಷಿ ಇಲಾಖೆ ಮೊದಲು ಹಂದಿ ಮಾಂಸ ಒಳಗೆ 71 ಡಿಗ್ರಿ ಸೆಲ್ಸಿಯಸ್ ಆಗಬೇಕು ಅಂತಿತ್ತು, 2011ರಲ್ಲಿ ಇಡೀ ತುಂಡು ಮಾಂಸಕ್ಕೆ ಅದನ್ನ 63ಕ್ಕೆ ಇಳಿಸಿತು, ಜೊತೆಗೆ ಮೂರು ನಿಮಿಷ ಹಾಗೇ ಬಿಡಬೇಕು ಅಂತ ಹೇಳಿತು. ಕೊಚ್ಚಿದ ಮಾಂಸಕ್ಕೆ ಈಗಲೂ 71. ಆ ಗುಲಾಬಿ ಬಣ್ಣದ ಮಾತು ಬಂದಿದ್ದು ಅಲ್ಲಿಂದ. ಅಲ್ಲಿ ಹಂದಿ ಸಾಕೋದು ಬಹುತೇಕ ಶೆಡ್ಡಲ್ಲಿ, ಫೀಡ್ ತಿನ್ನಿಸಿ, ಕಡಿದ ಮೇಲೆ ತಪಾಸಣೆ ಆಗುತ್ತೆ.

ನಮ್ಮಲ್ಲಿ ಎಲ್ಲಾ ಅಂಗಡೀಲೂ ಆ ಭರವಸೆ ಇಲ್ಲ. ಬೀದಿ, ಮೋರಿ ಕಡೆ ಮೇದ ಹಂದಿಗೆ ಲಾಡಿಹುಳದ ಮರಿ ಸೇರಿಕೊಂಡಿರೋ ಸಾಧ್ಯತೆ ಇದೆ, ಮಾಂಸದಲ್ಲಿ ಅದು ಸಣ್ಣ ಬಿಳಿ ಗುಳ್ಳೆ, ಅಕ್ಕಿ ಕಾಳಿನ ಹಾಗೆ ಕಾಣಬಹುದು. ಅಂಥದ್ದು ಕಂಡ್ರೆ ತಗೊಳ್ಳಲೇಬೇಡಿ. ಅರೆಬೆಂದದ್ದು ತಿಂದ್ರೆ ಹುಳ ಕರುಳಲ್ಲಿ ಬೆಳೆಯುತ್ತೆ. ನಿಮ್ಮತ್ತೆ ಹೇಳೋ ತಲೆಯ ಹುಳ ಬರೋದು ಬೇರೆ ದಾರೀಲಿ. ಕರುಳಲ್ಲಿ ಹುಳ ಇರೋ ಮನುಷ್ಯರ ಮಲದಿಂದ ಅದರ ಮೊಟ್ಟೆ ನೀರಿಗೆ, ಸೊಪ್ಪಿಗೆ, ತೊಳೆಯದ ಕೈಗೆ ಸೇರಿ, ಅದು ಬಾಯಿಗೆ ಹೋದ್ರೆ ಮರಿ ರಕ್ತದ ಮೂಲಕ ಮೆದುಳಿಗೆ ಹೋಗುತ್ತೆ, ಫಿಟ್ಸ್ ಬರೋದು ಅದರಿಂದ. ಅದಕ್ಕೇ ಹಂದಿ ಮಾಂಸ ಮುಟ್ಟದವರಿಗೂ, ಶುದ್ಧ ಸಸ್ಯಾಹಾರಿಗಳಿಗೂ ಅದು ಬರುತ್ತೆ. ಅಂದ್ರೆ ಅತ್ತೆಯವರ ಭಯ ಸುಮ್ನೆ ಅಲ್ಲ, ಮಾಂಸ ಚೆನ್ನಾಗಿ ಬೇಯಿಸೋದರ ಜೊತೆಗೆ ಹಸಿ ಕೋಸು ಕ್ಯಾರೆಟ್ಟು ತೊಳೆಯೋದು, ಕೈ ತೊಳೆಯೋದೂ ಅಷ್ಟೇ ಮುಖ್ಯ ಅಂತ ಅವರಿಗೂ ಹೇಳಿ.

ನನ್ನ ಸಲಹೆ ಇಷ್ಟು. ಎಲ್ಲಿಂದ ಬಂದ ಮಾಲು ಅಂತ ಗೊತ್ತಿಲ್ಲದಿದ್ರೆ, ಮನೇಲಿ ಮಕ್ಕಳು, ಬಸುರಿ ಹೆಂಗಸರು, ವಯಸ್ಸಾದವರು ಇದ್ರೆ 71 ಡಿಗ್ರಿ, ಚರ್ಚೆ ಬೇಡ. 68 ಆದಾಗ ಪ್ಯಾನಿಂದ ತೆಗೆದ್ರೆ ತಟ್ಟೇಲಿ ಕೂತು ಎರಡು ಮೂರು ಡಿಗ್ರಿ ತಾನೇ ಏರುತ್ತೆ, ಏರಿತಾ ಅಂತ ಇನ್ನೊಂದು ಸಲ ಚುಚ್ಚಿ ನೋಡಿ, ಏರಿಲ್ಲ ಅಂದ್ರೆ ವಾಪಸ್ ಪ್ಯಾನಿಗೆ. ಹಿಂದಿನ ರಾತ್ರಿ ಉಪ್ಪು ಹಾಕಿಟ್ಟಿದ್ರೆ 71ಕ್ಕೂ ರಸ ಇರುತ್ತೆ. ತಪಾಸಣೆ ಆದ, ನಂಬಿಕೆಯ ಫಾರಂ ಮಾಲು ಅಂತ ಖಾತ್ರಿ ಇದ್ರೆ 63, ಮೇಲೆ ಐದು ನಿಮಿಷ ವಿಶ್ರಾಂತಿ. ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ಪೂರ್ತಿ ಬೆಂದ ಮಾಂಸಾನೂ ಮೂಳೆ ಹತ್ರ ಕೆಂಪಗಿರಬಹುದು.

ಒಂದು ಡಿಜಿಟಲ್ ಪ್ರೋಬ್ ಥರ್ಮಾಮೀಟರ್ ತಗೊಳ್ಳಿ, ಆನ್‌ಲೈನಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತೆ. ಚುಚ್ಚೋದು ಮೇಲಿಂದ ಅಲ್ಲ, ಪಕ್ಕದಿಂದ, ತುದಿ ಸರಿಯಾಗಿ ನಡುವೆ ಬರಬೇಕು, ಮೂಳೆಗೆ ತಾಗಬಾರದು. ಸರಿ ಇದೆಯಾ ಅಂತ ನೋಡೋಕೆ ಐಸ್ ತುಂಬಿದ ಲೋಟಕ್ಕೆ ಸ್ವಲ್ಪ ನೀರು ಹಾಕಿ ಅದ್ದಿ, ಸೊನ್ನೆ ತೋರಿಸಬೇಕು. ಕುದಿಯೋ ನೀರಲ್ಲಿ ಪರೀಕ್ಷೆ ಮಾಡಿದ್ರೆ ಎತ್ತರದ ಊರುಗಳಲ್ಲಿ ಗೊಂದಲ ಆಗುತ್ತೆ, ಬೆಂಗಳೂರಲ್ಲಿ ನೀರು 97ರ ಹತ್ರಾನೇ ಕುದಿಯುತ್ತೆ, ಮಡಿಕೇರೀಲಿ ಇನ್ನೂ ಕಮ್ಮಿ.

ಪ್ರ: ಅಕ್ಕಾ, ರೆಸಿಪಿಗಳಲ್ಲೆಲ್ಲ ಬಿಳಿ ವೈನ್ ಹಾಕಿ ಅಂತಾರೆ. ನಮ್ಮನೇಲಿ ವೈನ್ ತರಲ್ಲ, ಕಾಚಂಪುಳಿ ಮಾತ್ರ ಯಾವಾಗ್ಲೂ ಇರುತ್ತೆ. ಅದು ಹಾಕಬಹುದಾ, ಅಥವಾ ರುಚಿ ಕೆಡುತ್ತಾ?
— ಓದುಗರು, ವಿರಾಜಪೇಟೆ

ಉ: ಹಾಕಿ, ಧಾರಾಳವಾಗಿ ಹಾಕಿ ಅಂತ ಮಾತ್ರ ಹೇಳಲ್ಲ. ವೈನ್ ಅಲ್ಲಿ ಮಾಡೋ ಕೆಲಸ ಮುಖ್ಯವಾಗಿ ಹುಳಿಯದ್ದು, ಕೊಬ್ಬಿನ ಜಿಡ್ಡು ಮುರಿಯೋದು. ಪಣಪುಳಿ ಹಣ್ಣಿನ ರಸಾನ ಕರ್ರಗೆ ಮಂದ ಆಗೋ ತನಕ ಕಾಯಿಸಿ ಮಾಡಿದ ಕಾಚಂಪುಳಿ ಅದೇ ಕೆಲಸ ಇನ್ನೂ ಗಟ್ಟಿಯಾಗಿ ಮಾಡುತ್ತೆ, ಹಂದಿ ಮಾಂಸಕ್ಕೂ ಅದಕ್ಕೂ ಕೊಡಗಲ್ಲಿ ಇರೋ ನಂಟು ನಿಮಗೆ ನಾನು ಹೇಳ್ಬೇಕಾ. ಎರಡು ಚಾಪ್ಸಿನ ಸಾಸಿಗೆ ಕಾಲು ಟೀ ಸ್ಪೂನ್ ಹಾಕಿ ರುಚಿ ನೋಡಿ, ಅರ್ಧಕ್ಕಿಂತ ಮೇಲೆ ಹೋಗಬೇಡಿ. ವೈನ್ ಆದ್ರೆ ಮೊದಲೇ ಹಾಕಿ ಇಳಿಸಬೇಕು, ಕಾಚಂಪುಳಿ ಮೊದಲೇ ಇಳಿದು ಬಂದಿರೋದು, ಸ್ಟಾಕ್ ಅರ್ಧಕ್ಕೆ ಬಂದ ಮೇಲೆ ಹಾಕಿದ್ರೆ ಸಾಕು. ಸಾಸ್ ಬಣ್ಣ ಕಪ್ಪಾಗುತ್ತೆ, ಅದು ಸೀದದ್ದಲ್ಲ, ಹಾಗೇ ಇರಬೇಕು. ಅದರ ಜೊತೆ ಸಾಸಿವೆ ಪೇಸ್ಟ್ ಬೇಡ, ಒಂದಕ್ಕೊಂದು ಜಗಳ ಆಡುತ್ತೆ. ಒಡೆದ ಕಾಳುಮೆಣಸು, ಚಿಟಿಕೆ ಹುರಿದ ಜೀರಿಗೆ ಪುಡಿ, ಚೂರು ಬೆಲ್ಲ, ಕೊನೇಗೆ ಬೆಣ್ಣೆ. ಎಲ್ಲಾ ಸಾಸುಗಳಲ್ಲಿ ನನಗೆ ಮನಸಾರೆ ಇಷ್ಟ ಆಗೋದು ಇದೇ, ಅಕ್ಕಿ ಒಟ್ಟಿ, ಅದೇ ಕೊಡಗಿನ ಅಕ್ಕಿ ರೊಟ್ಟಿ, ಹರಿದು ಆ ಸಾಸಲ್ಲಿ ಅದ್ದಿದ್ರೆ ಬೇರೆ ಏನೂ ಬೇಡ ಅನ್ಸುತ್ತೆ.

ಬೀಡಿನ ಪ್ಯಾನಲ್ಲಿ ಮಾಡಿದ್ರೆ ಹುಳಿ ಹಾಕಿದ ಸಾಸನ್ನ ತಕ್ಷಣ ಬೇರೆ ಬಟ್ಟಲಿಗೆ ತೆಗೀರಿ, ಅಲ್ಲೇ ಬಿಟ್ರೆ ಕಬ್ಬಿಣದ ರುಚಿ ಹತ್ತುತ್ತೆ, ಪ್ಯಾನ್ ಪಳಗಿದ ಪದರಾನೂ ಕಿತ್ತು ಬರುತ್ತೆ. ದೋಸೆ ಕಾವಲೀಲಿ ಮಾತ್ರ ಈ ಪ್ರಯೋಗ ಬೇಡ.

ಕೊಡಗಿನ ಮನೆ ವೈನ್ ಹಾಕಬಹುದಾ ಅಂತ ಇನ್ನೊಬ್ಬರು ಕೇಳಿದಾರೆ. ಅದು ಸಿಹಿ ಜಾಸ್ತಿ, ಇಳಿಸಿದ್ರೆ ಪಾಕದ ಥರ ಆಗುತ್ತೆ. ಎರಡು ಟೇಬಲ್ ಸ್ಪೂನ್ ಹಾಕಿ, ಜೊತೆಗೆ ಕಾಚಂಪುಳಿಯ ಎರಡು ಹನಿ ಬಿದ್ರೆ ಸರಿ ಹೋಗುತ್ತೆ. ವೈನೋ ಬ್ರಾಂದಿಯೋ ಯಾವುದೇ ಆಗ್ಲಿ, ಸುರಿಯುವಾಗ ಪ್ಯಾನನ್ನ ಸ್ಟವ್ ಮೇಲಿಂದ ಪಕ್ಕಕ್ಕೆ ತೆಗೀರಿ, ಬಾಟಲಿಂದ ನೇರ ಸುರೀಬೇಡಿ, ಲೋಟಕ್ಕೆ ಹಾಕಿಕೊಂಡು ಸುರೀರಿ, ಬೆಂಕಿ ಹತ್ತೋ ಅಪಾಯ ನಿಜವಾಗ್ಲೂ ಇದೆ.

ಪ್ರ: ನಾವು ಮಂಗಳೂರಿನವರು, ಮನೇಲಿ ಬಫಾತ್ ಪುಡಿ ಇದ್ದೇ ಇರುತ್ತೆ. ಚಾಪ್ಸ್‌ಗೆ ಅದನ್ನೇ ಸವರಿ ಹುರಿದೆ, ಮಸಾಲೆ ಎಲ್ಲ ತಳ ಹಿಡಿದು ಸೀದು ಹೋಯ್ತು. ಬಿಡಬೇಕಾ ಅದನ್ನ?
— ಓದುಗರು, ಮಂಗಳೂರು

ಉ: ಬಿಡೋದು ಬೇಡ, ಹಾಕೋ ಸಮಯ ಬದಲಾಯಿಸಿ. ಬಫಾತ್ ಪುಡೀಲಿ ಮೆಣಸಿನಕಾಯಿ ಇದೆ, ಕೊತ್ತಂಬರಿ ಬೀಜ ಇದೆ, ಜೀರಿಗೆ, ಅರಿಶಿನ ಇದೆ, ಇವೆಲ್ಲ ನಿಮ್ಮ ಕಡೆಯ ಹಂದಿ ಮಾಂಸದ ಸಾರು ದುಕ್ರಾ ಮಾಸ್‌ನಲ್ಲಿ ರಸದೊಳಗೆ ನಿಧಾನಕ್ಕೆ ಬೇಯೋಕೆ ಇರೋವು, ಒಣ ಪ್ಯಾನಿನ ಉರಿ ಅವಕ್ಕೆ ತಡೆಯೋಕಾಗಲ್ಲ. ಚಾಪ್ಸ್‌ಗೆ ಬರೀ ಉಪ್ಪು. ಹುರಿದು ತೆಗೆದ ಮೇಲೆ ಈರುಳ್ಳಿ ಬಾಡಿಸಿ, ಉರಿ ಸಣ್ಣ ಮಾಡಿ ಒಂದು ಟೀ ಸ್ಪೂನ್ ಬಫಾತ್ ಪುಡಿ ಹಾಕಿ ಆ ಕೊಬ್ಬಲ್ಲಿ ಹದಿನೈದು ಇಪ್ಪತ್ತು ಸೆಕೆಂಡು ತಿರುವಿ, ಘಮ ಬಂದ ಕೂಡಲೇ ಒಂದು ಟೇಬಲ್ ಸ್ಪೂನ್ ವಿನಿಗರ್, ಅರ್ಧ ಕಪ್ ಸ್ಟಾಕು. ಇದಕ್ಕೆ ಬೆಣ್ಣೆ ಬದಲು ಒಂದೆರಡು ಚಮಚ ದಪ್ಪ ತೆಂಗಿನ ಹಾಲು ಹಾಕಿದ್ರೂ ಒಳ್ಳೇದಿರುತ್ತೆ. ಸಾನ್ನಾಂ, ಅಂದ್ರೆ ಹಬೇಲಿ ಬೇಯಿಸಿದ ಮೆತ್ತನೆ ಅಕ್ಕಿ ಇಡ್ಲಿ, ಅದರ ಜೊತೆ ತಿನ್ನಿ.

ಪ್ರ: ಸಾಸ್ ಕೊನೇಲಿ ಎಣ್ಣೆ ಬಿಟ್ಟುಕೊಳ್ಳುತ್ತೆ, ಮೇಲೆ ಹಳದಿ ಹನಿ ತೇಲುತ್ತೆ. ಕಾರ್ನ್‌ಫ್ಲೋರ್ ಹಾಕಿದ್ರೆ ಲೋಳೆ ಲೋಳೆ. ಹೊಳೆಯೋ ಥರ ಮಂದಗೆ ಹೆಂಗೆ ಮಾಡೋದು?
— ಓದುಗರು, ಹುಬ್ಬಳ್ಳಿ

ಉ: ಬೆಣ್ಣೆ ಹಾಕಿದ ಮೇಲೆ ಕುದಿಸ್ತಿದೀರಿ ಅನ್ಸುತ್ತೆ. ಬೆಣ್ಣೇಲಿ ಸುಮಾರು ನೂರಕ್ಕೆ ಎಂಬತ್ತು ಭಾಗ ಕೊಬ್ಬು, ಮಿಕ್ಕಿದ್ದು ಹೆಚ್ಚುಕಮ್ಮಿ ನೀರೇ, ಎರಡೂ ಸಣ್ಣ ಸಣ್ಣ ಕಣ ಆಗಿ ಬೆರೆತು ಕೂತಿರುತ್ತೆ. ಉರಿ ಆಫ್ ಮಾಡಿ ತಣ್ಣನೆ ಬೆಣ್ಣೆ ಸ್ವಲ್ಪ ಸ್ವಲ್ಪ ಸೇರಿಸಿ ಅಲ್ಲಾಡಿಸಿದ್ರೆ ಆ ಬೆರಕೆ ಸಾಸೊಳಗೂ ಉಳಿಯುತ್ತೆ, ಅದೇ ಹೊಳಪು. ಕುದಿ ಬಂದ್ರೆ ಒಡೆಯುತ್ತೆ. ಒಡೆದಿದ್ದನ್ನ ಚೆಲ್ಲಬೇಡಿ, ಒಂದು ಟೇಬಲ್ ಸ್ಪೂನ್ ನೀರು ಹಾಕಿ ಜೋರಾಗಿ ಕಲಸಿದ್ರೆ ಎಷ್ಟೋ ಸಲ ಕೂಡಿಕೊಳ್ಳುತ್ತೆ. ತುಪ್ಪ ಹಾಕಿದ್ರೆ ಈ ಕೆಲಸ ಆಗಲ್ಲ, ಅದರಲ್ಲಿ ನೀರೂ ಇಲ್ಲ, ಹಾಲಿನ ಅಂಶಾನೂ ಇಲ್ಲ.

ಮಂದ ಬರೋಕೆ ಕಾರ್ನ್‌ಫ್ಲೋರಿಗಿಂತ ಒಳ್ಳೇ ಉಪಾಯ ಮೂಳೆ ಸ್ಟಾಕೇ. ಚಾಪ್ಸಿಂದ ಬಿಡಿಸಿದ ಮೂಳೆ, ಚರ್ಮದ ಒಂದು ತುಂಡು, ಈರುಳ್ಳಿ ಸಿಪ್ಪೆ ಸಮೇತ ಅರ್ಧ, ನಾಲ್ಕು ಕಾಳುಮೆಣಸು ಹಾಕಿ ಕುಕ್ಕರಲ್ಲಿ ಮುಕ್ಕಾಲು ಗಂಟೆ ಸಣ್ಣ ಉರೀಲಿ ಬೇಯಿಸಿ ಸೋಸಿ, ಉಪ್ಪು ಹಾಕಬೇಡಿ. ಫ್ರಿಜ್ಜಲ್ಲಿಟ್ರೆ ಅದು ಜೆಲ್ಲಿ ಥರ ಅಲ್ಲಾಡುತ್ತೆ, ಆ ಜೆಲಟಿನ್ನೇ ಸಾಸಿಗೆ ಮೈ ಕೊಡೋದು. ಐಸ್ ಟ್ರೇಲಿ ಹಾಕಿ ಫ್ರೀಜ್ ಮಾಡಿಟ್ರೆ ಬೇಕಾದಾಗ ನಾಲ್ಕು ತುಂಡು ತೆಗೀಬಹುದು. ಅಂಗಡಿ ಸ್ಟಾಕ್ ಕ್ಯೂಬು ಬಳಸೋದಾದ್ರೆ ಪೊಟ್ಟಣದ ಮೇಲೆ ಹೇಳಿದ್ದಕ್ಕಿಂತ ಅರ್ಧ ಹಾಕಿ, ಉಪ್ಪು ವಿಪರೀತ ಇರುತ್ತೆ.

ಪ್ರ: ಮೇಡಂ, ನಾನು ಟೆಕ್ಸಾಸಲ್ಲಿರೋದು. ಇಲ್ಲಿ ಸೂಪರ್ ಮಾರ್ಕೆಟಲ್ಲಿ ಮೂಳೆ ಇಲ್ಲದ ತೆಳು ಚಾಪ್ಸ್ ದೊಡ್ಡ ಪ್ಯಾಕ್ ಅಗ್ಗಕ್ಕೆ ಸಿಗುತ್ತೆ. ನೀವು ಹೇಳೋ ಥರ ಉಪ್ಪು ಹಾಕಿಟ್ರೆ ತಿನ್ನೋಕಾಗದಷ್ಟು ಉಪ್ಪಾಗುತ್ತೆ, ಹುರಿದ್ರೆ ಒಣಗುತ್ತೆ.
— ಓದುಗರು, ಟೆಕ್ಸಾಸ್

ಉ: ಪ್ಯಾಕಿನ ಮೇಲೆ ಸಣ್ಣಕ್ಷರದಲ್ಲಿ ಏನು ಬರೆದಿದೆ ಓದಿ. ಇಷ್ಟು ಪರ್ಸೆಂಟ್ ದ್ರಾವಣ ಸೇರಿಸಿದೆ ಅಂತ ಇದ್ರೆ ಉಪ್ಪುನೀರನ್ನ ಫ್ಯಾಕ್ಟರೀಲೇ ಚುಚ್ಚಿರ್ತಾರೆ, ಅದಕ್ಕೆ ಮತ್ತೆ ಉಪ್ಪು ಬೇಡ, ಸ್ಟಾಕೂ ಉಪ್ಪಿಲ್ಲದ್ದೇ ತಗೊಳ್ಳಿ. ಅಂಥ ಮಾಂಸ ಪ್ಯಾನಿಗೆ ಬಿದ್ರೆ ನೀರೂ ಜಾಸ್ತಿ ಬಿಡುತ್ತೆ, ಬಣ್ಣ ಬರೋದು ತಡ. ಆದಷ್ಟೂ ಏನೂ ಸೇರಿಸದ ಮಾಂಸ ಹುಡುಕಿ.

ತೆಳು ಚಾಪ್ ಬಿಟ್ಟು, ಇಡೀ ಲಾಯ್ನ್, ಅಂದ್ರೆ ಬೆನ್ನಿನ ಮಾಂಸದ ಉದ್ದ ತುಂಡು ತಗೊಂಡು ಮನೇಲಿ ಒಂದೂಕಾಲು ಇಂಚಿಗೆ ಕೊಯ್ದು ಫ್ರೀಜರಲ್ಲಿಡಿ, ಸಾಮಾನ್ಯವಾಗಿ ಪೌಂಡಿನ ಲೆಕ್ಕದಲ್ಲೂ ಅಗ್ಗ ಬೀಳುತ್ತೆ. ತೆಳುವಾದ್ದು ಈಗಾಗ್ಲೇ ಮನೇಲಿದ್ರೆ ಫ್ರೀಜರಲ್ಲಿ ಹದಿನೈದು ನಿಮಿಷ ತಣ್ಣಗೆ ಮಾಡಿ, ಪ್ಯಾನ್ ಚೆನ್ನಾಗಿ ಕಾಯಿಸಿ ಒಂದು ಕಡೆ ಮಾತ್ರ ಎರಡು ಮೂರು ನಿಮಿಷ ಹುರಿದು ಪೂರ್ತಿ ಬಣ್ಣ ಬರಿಸಿ, ಮಗುಚಿ ಅರ್ಧ ನಿಮಿಷಕ್ಕೆ ಥರ್ಮಾಮೀಟರ್ ಹಾಕಿ ನೋಡಿ. ಎರಡೂ ಕಡೆ ಬಣ್ಣ ಬೇಕು ಅನ್ನೋ ಆಸೆ ಬಿಡಿ, ಬಡಿಸುವಾಗ ಬಣ್ಣದ ಕಡೆ ಮೇಲೆ ಮಾಡಿ. ತಳದಲ್ಲಿ ಪದರ ಅಷ್ಟು ಸಾಕು ಸಾಸಿಗೆ. ಕಾಚಂಪುಳಿ ಅಲ್ಲಿ ಸಿಗದಿದ್ರೆ ಆಪಲ್ ಸೈಡರ್ ವಿನಿಗರ್ ಒಂದು ಟೀ ಸ್ಪೂನ್, ಜೊತೆಗೆ ಒಂದು ಸೇಬು ತೆಳ್ಳಗೆ ಹೆಚ್ಚಿ ಈರುಳ್ಳಿ ಜೊತೆ ಬಾಡಿಸಿ, ಹಂದಿ ಮಾಂಸಕ್ಕೆ ಸೇಬು ಆ ಕಡೆಯ ಹಳೇ ಜೋಡಿ, ತುಂಬಾ ಚೆನ್ನಾಗಿ ಹೊಂದುತ್ತೆ.

ಪ್ರ: ಉಳಿದದ್ದನ್ನ ಮಾರನೇ ದಿನ ಬಿಸಿ ಮಾಡಿದ್ರೆ ಗಟ್ಟಿ ಆಗುತ್ತಲ್ಲ?
— ಓದುಗರು, ಹಾಸನ

ಉ: ಇಡೀ ಚಾಪನ್ನ ಬಿಸಿ ಮಾಡಬೇಡಿ. ಫ್ರಿಜ್ಜಿಂದ ತೆಗೆದು ತಣ್ಣಗಿರುವಾಗಲೇ ಎಳೆಗೆ ಅಡ್ಡವಾಗಿ ತೆಳ್ಳಗೆ ಹೆಚ್ಚಿ. ಉಳಿದ ಸಾಸಿಗೆ ಎರಡು ಚಮಚ ನೀರು ಹಾಕಿ ಪೂರ್ತಿ ಕುದಿ ಬರಿಸಿ, ಮಾಂಸ ಹಾಕಿ ಸಣ್ಣ ಉರೀಲಿ ಮುಚ್ಚಿ, ಒಳಗೂ ಹಬೆಯಾಡೋಷ್ಟು ಬಿಸಿ ಆದ ತಕ್ಷಣ ಇಳಿಸಿ, ತೆಳ್ಳಗಿರೋದ್ರಿಂದ ಬೇಗ ಆಗುತ್ತೆ. ಬೆಂದ ಮಾಂಸ ಹೊರಗೆ ಎರಡು ಗಂಟೆಗಿಂತ ಜಾಸ್ತಿ ಇಡಬಾರದು, ಬೇಸಿಗೇಲಿ ಇನ್ನೂ ಬೇಗ ಒಳಗಿಡಿ, ಮೂರು ದಿನದೊಳಗೆ ಮುಗಿಸಿ. ಮೂಳೆಗೆ ಅಂಟಿರೋದನ್ನ ಬಿಡಿಸಿ, ನಿನ್ನೆ ಬಗ್ಗಿಸಿ ಎತ್ತಿಟ್ಟ ಕೊಬ್ಬಲ್ಲಿ ಹಸಿಮೆಣಸಿನಕಾಯಿ, ಈರುಳ್ಳಿ ಹಾಕಿ ತಣ್ಣನೆ ಅನ್ನ ಹುರಿದ್ರೆ ಮಕ್ಕಳ ಡಬ್ಬಿಗೂ ಆಗುತ್ತೆ.

ಮುಂದಿನ ಸಂಚಿಕೇಲಿ ಪಂದಿ ಉಪ್ಪಿನಕಾಯಿ ಬಗ್ಗೆ ಬರೀತೀನಿ, ಎಷ್ಟು ದಿನ ಇಡಬಹುದು, ಯಾವ ಎಣ್ಣೆ, ವಿನಿಗರ್ ಎಷ್ಟು, ಇದೇ ಥರದ ಪ್ರಶ್ನೆ ಇದ್ರೆ ಈ ತಿಂಗಳು ಮುಗಿಯೋದರೊಳಗೆ ಕಳಿಸಿ.